ಮಿಲಿಟರಿ ಲಾರಿ, ಡಿಫ್ ಲಾಕ್ ಮತ್ತು ನಮ್ಮ ಕಾಲುವೆ ಗದ್ದೆ

ಈ ಸುಗ್ಗಿಯಲ್ಲಿ ಮೂವರು ಹುಡುಗರು ನನಗೆ ಒಂದೇ ಪ್ರಶ್ನೆ ಕೇಳಿದರು. ಇಬ್ಬರು ಕಂಪ್ಲಿ ಕಡೆಯವರು, ಇನ್ನೊಬ್ಬ ನಮ್ಮ ಅಕ್ಕನ ಮಗ. "ಮಾವ, ಮಿಲಿಟರಿಯವರು ಹರಾಜು ಹಾಕೋ ಲಾರಿ ತಗೊಂಡ್ರೆ ಹೆಂಗ? ಎಲ್ಲಾ ಗಾಲಿನೂ ಎಳೀತಾವಂತ, ಡಿಫ್ ಲಾಕ್ ಐತಂತ. ಗದ್ದ್ಯಾಗಿಂದ ಸೀದಾ ಭತ್ತ ಹೊತ್ಕೊಂಡು ಬರಬಹುದು."

ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯ್ತು, ಅದಕ್ಕೆ ಇಲ್ಲೇ ಬರೀತಿದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಬೇಡ. ಗಾಡಿ ಕೆಟ್ಟದ್ದು ಅಂತ ಅಲ್ಲ, ಗಾಡಿ ಬಾಳ ಚಲೋದು. ನಮ್ಮ ಗದ್ದೆಗೆ ಅದು ಬೇಡ.

ನಮ್ಮ ವಯಸ್ಸಿನವರಿಗೆ ಶಕ್ತಿಮಾನ್ ಅಂದ್ರೆ ಮೊದಲು ಲಾರಿ, ಟಿವಿ ಧಾರಾವಾಹಿ ಆಮೇಲೆ. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ಮೇಲೆ 1959ರಿಂದ ಜಬಲ್‌ಪುರದಲ್ಲಿ ಮಾಡಿದ ಗಾಡಿ ಅದು. ಅದರ ನಂತರ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಬಂತು. ಇನ್ನೂ ದೊಡ್ಡದು ಟಾಟ್ರಾ. ನಮ್ಮ ಬೆಮೆಲ್‌ನವರು 1986ರಲ್ಲಿ ಜೆಕೊಸ್ಲೊವಾಕಿಯಾ ಜೊತೆ ಒಪ್ಪಂದ ಮಾಡಿಕೊಂಡು ತಂದದ್ದು. ಟಾಟ್ರಾಕ್ಕೆ ನಮ್ಮ ಲಾರಿಗಳ ಹಂಗೆ ಅಡ್ಡ ಆಕ್ಸಲ್ ಇರಲ್ಲ. ನಡುವೆ ಉದ್ದಕ್ಕೆ ಒಂದು ದಪ್ಪ ಕೊಳವೆ, ಅದರಿಂದ ಎಡಕ್ಕೂ ಬಲಕ್ಕೂ ಅರ್ಧರ್ಧ ಆಕ್ಸಲ್. ತಗ್ಗು ಬಂದ್ರೆ ಆ ಗಾಲಿ ಮಾತ್ರ ಕೆಳಗೆ ಇಳಿಯುತ್ತೆ, ಗುಂಡು ಬಂದ್ರೆ ಆ ಗಾಲಿ ಮಾತ್ರ ಮೇಲೆ ಏಳುತ್ತೆ. ಯಾಕೆ ಇಷ್ಟು ಕಷ್ಟಪಟ್ಟು ಮಾಡಿದ್ರು ಅಂದ್ರೆ, ನೆಲ ಮುಟ್ಟದ ಗಾಲಿ ಎಷ್ಟು ತಿರುಗಿದ್ರೂ ದಂಡ.

ಈಗ ಲಾಕ್ ವಿಷಯ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಹೌಸಿಂಗ್ ಒಳಗಿನ ಡಿಫರೆನ್ಷಿಯಲ್ ಇರೋದು ಅದಕ್ಕೆ. ಆದರೆ ಅದಕ್ಕೊಂದು ಗುಣ ಐತೆ, ಎರಡೂ ಗಾಲಿಗೆ ಒಂದೇ ಸಮ ತಿರುಚು ಬಲ ಕೊಡುತ್ತೆ. ಎಡಗಾಲಿ ರಾಡಿಯಲ್ಲಿ ಜಾರಿದ್ರೆ ಅದಕ್ಕೆ ಬೇಕಾದ ಬಲ ಚೂರೇ ಚೂರು, ಗಟ್ಟಿ ನೆಲದ ಬಲಗಾಲಿಗೂ ಅಷ್ಟೇ ಚೂರು ಸಿಗುತ್ತೆ. ಒಂದು ಗಾಲಿ ಗಿರ್ರನೆ ತಿರುಗ್ತಾ, ಇನ್ನೊಂದು ಸುಮ್ಮನೆ ನಿಂತಿರೋದನ್ನ ನೀವೆಲ್ಲ ನೋಡೀರಿ. ಲಾಕ್ ಹಾಕಿದ್ರೆ ಎರಡೂ ಆಕ್ಸಲ್ ಒಂದೇ ಸಲಾಕೆ ಆದ ಹಂಗೆ. ಆಗ ಯಾವ ಗಾಲಿ ಕೆಳಗೆ ಹಿಡಿತ ಐತೋ ಆ ಗಾಲಿ ಎಳೆಯುತ್ತೆ.

ಕೊನೇ ಮಾತು ಇನ್ನೊಂದ್ಸಲ ಓದಿ. ಯಾವ ಗಾಲಿ ಕೆಳಗೆ ಹಿಡಿತ ಐತೋ ಆ ಗಾಲಿ. ಲಾಕ್ ಹೊಸದಾಗಿ ಹಿಡಿತ ಹುಟ್ಟಿಸಲ್ಲ, ಎಂಜಿನ್ನಿಗೆ ಒಂದು ಎಚ್‌ಪಿಯನ್ನೂ ಸೇರಿಸಲ್ಲ. ಎಲ್ಲೋ ಒಂದು ಕಡೆ ಇರೋ ಹಿಡಿತವನ್ನ ವ್ಯರ್ಥ ಆಗದಂಗೆ ಬಳಸುತ್ತೆ, ಅಷ್ಟೆ.

ಸಂಡೂರಿನ ಟಿಪ್ಪರ್ ಡ್ರೈವರುಗಳಿಗೆ ಇದು ಗೊತ್ತು. ಹತ್ತು ಗಾಲಿ ಟಿಪ್ಪರಿಗೆ ಹಿಂದೆ ಎರಡು ಹೌಸಿಂಗ್ ಇರ್ತಾವೆ, ಎರಡರ ನಡುವೆಯೂ ಒಂದು ಡಿಫರೆನ್ಷಿಯಲ್, ಅದಕ್ಕೊಂದು ಲಾಕ್. ಮಳೆಗಾಲದಲ್ಲಿ ಅದಿರಿನ ಕೆಂಪು ರಾಡಿ ಎಣ್ಣೆ ಸುರಿದ ಹಂಗೆ ಜಾರುತ್ತೆ, ಆದ್ರೆ ಅದು ನಾಲ್ಕು ಬೆರಳು ಮಾತ್ರ. ಕೆಳಗೆ ಕಲ್ಲಿನಂಥ ಗುಡ್ಡ. ಒಂದಲ್ಲ ಒಂದು ಗಾಲಿಗೆ ಗಟ್ಟಿ ಸಿಕ್ಕೇ ಸಿಗುತ್ತೆ, ಅಲ್ಲಿ ಲಾಕ್ ಹಾಕಿದ್ರೆ ಗಾಡಿ ಏರುತ್ತೆ. ಹಂಪಿ, ಕಮಲಾಪುರದ ಬಾಳೆ ತೋಟದ ದಾರಿಗಳಲ್ಲೂ ಅದೇ. ಒಂದು ಗಾಲಿ ಬಂಡೆ ಮೇಲೆ, ಇನ್ನೊಂದು ಕಾಲುವೆಯ ಬಸಿನೀರಿನ ತಗ್ಗಿನಲ್ಲಿ. ಟ್ರ್ಯಾಕ್ಟರಿನ ಪೆಡಲ್ ಒತ್ತಿ, ನೆಟ್ಟಗೆ ನಾಲ್ಕು ಮಾರು ಹೋದ್ರೆ ಪಾರು.

ಕಂಪ್ಲಿ ಗದ್ದೆ ಹಂಗಲ್ಲ. ಇದು ಎರೆಮಣ್ಣು. ಅದರಲ್ಲೂ ವಿಜಯನಗರ ಕಾಲದ ಕಾಲುವೆಗಳ ಕೆಳಗಿನ ಗದ್ದೆಗೆ ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ನೀರು. ಭೂಮಿ ಒಣಗಿ ಬಿರುಕು ಬಿಡೋಕೆ ಪುರುಸೊತ್ತೇ ಇಲ್ಲ. ನಾವು ಕೆಸರು ಹೊಡೆಯೋದು ಅಂತೀವಿ, ಕ್ಯಾಂಪಿನವರು ದಮ್ಮು ಅಂತಾರೆ. ವರ್ಷಾನುಗಟ್ಟಲೆ ಅದನ್ನ ಮಾಡಿ ಮಾಡಿ ಮೊಣಕಾಲುದ್ದ ಮೆತ್ತನೆ ಮಣ್ಣು, ಅದರ ಕೆಳಗೆ ಒಂದು ತೆಳು ಗಟ್ಟಿ ಪದರ ಆಗೈತೆ. ನೀರು ನಿಲ್ಲೋದೂ ಆ ಪದರದಿಂದಲೇ, ನಮ್ಮ ಟ್ರ್ಯಾಕ್ಟರ್ ಮುಳುಗದೇ ನಿಲ್ಲೋದೂ ಆ ಪದರದ ಮೇಲೇ. ಅಲ್ಲಿ ಎಲ್ಲಾ ಗಾಲಿಗೂ ಒಂದೇ ರಾಡಿ. ಎಲ್ಲವೂ ಲಾಕ್ ಆದ್ರೆ ಎಲ್ಲವೂ ಸೇರಿ ತೋಡ್ತಾವೆ. ಎರಡು ಗುಂಡಿಯ ಬದಲು ಆರು ಗುಂಡಿ.

45 ಎಚ್‌ಪಿ ಟ್ರ್ಯಾಕ್ಟರು ಸುಮಾರು 2 ಟನ್ ತೂಗುತ್ತೆ. ಈ ಲಾರಿಗಳು ಖಾಲಿ ಇದ್ದಾಗಲೇ ಅದರ ಎರಡು ಮೂರು ಪಟ್ಟು, ಮೇಲೆ 5 ಟನ್ ಭತ್ತ ಹೇರಿದ್ರೆ ಲೆಕ್ಕ ನೀವೇ ಹಾಕ್ಕೊಳ್ಳಿ. ಮೇಲಿನ ಮಣ್ಣು ಎಷ್ಟು ಒತ್ತುತ್ತೆ ಅನ್ನೋದು ಟೈರಿನ ಗಾಳಿ ಮೇಲೆ ನಿಂತೈತೆ. ಆಳದ ಮಣ್ಣು ಎಷ್ಟು ಒತ್ತುತ್ತೆ ಅನ್ನೋದು ಒಂದು ಆಕ್ಸಲ್ ಮೇಲೆ ಎಷ್ಟು ಭಾರ ಅನ್ನೋದರ ಮೇಲೆ. ಅಗಲ ಟೈರ್ ಹಾಕಿ ಆಳದ ಒತ್ತು ತಪ್ಪಿಸೋಕೆ ಆಗಲ್ಲ. ಆ ಗಟ್ಟಿ ಪದರ ಒಂದು ಕಡೆ ಒಡೀತು ಅಂದ್ರೆ, ಮುಂದಿನ ಬೆಳೆಗೆ ಕೆಸರು ಹೊಡೆಯೋಕೆ ಇಳಿದ ಟ್ರ್ಯಾಕ್ಟರ್ ಅದೇ ಜಾಗದಲ್ಲಿ ಹೌಸಿಂಗ್ ಮಟ್ಟ ಕೂತ್ಕೊಳ್ಳುತ್ತೆ. ಲಾರಿ ಮಾರಿ ಹೋದ್ರೂ ಆ ಗುಂಡಿ ನಿಮ್ಮ ಹೊಲದಲ್ಲೇ ಇರುತ್ತೆ. ಚೈನ್ ಮಷಿನ್ ಕಟಾವಿಗೆ ಬಾಡಿಗೆ ಜಾಸ್ತಿ ಅಂತ ಬೈಕೋತೀವಿ, ಆದ್ರೆ ಭಾರವನ್ನ ಉದ್ದಕ್ಕೆ ಹರಡೋದು ಅದೊಂದೇ.

ಮಿಲಿಟರಿಯವರಿಂದ ಕಲಿಯೋದು ಏನೂ ಇಲ್ಲ ಅಂತಲ್ಲ, ಐತೆ. ಅವರ ಲಾರಿಯ ಹಿಂದಿನ ಗಾಲಿ ಜೋಡಿ ಅಲ್ಲ, ಒಂಟಿ. ಮುಂದಿನ ಗಾಲಿ ತುಳಿದು ಮಾಡಿದ ಜಾಡಿನಲ್ಲೇ ಹಿಂದಿನದೂ ಬರುತ್ತೆ, ಹೊಸ ರಾಡಿ ತುಳಿಯೋ ಕೆಲಸ ಇಲ್ಲ. ನಮ್ಮ ಲಾರಿಯ ಜೋಡಿ ಟೈರ್ ನಡುವೆ ಮಣ್ಣು ತುಂಬಿಕೊಂಡು ಉಂಡೆ ಆಗುತ್ತೆ. ಇನ್ನೊಂದು, ಮೆತ್ತನೆ ನೆಲದಲ್ಲಿ ಅವರು ಟೈರಿನ ಗಾಳಿ ಇಳಿಸ್ತಾರೆ, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬ್ತಾರೆ. ನಮ್ಮವರು ಟ್ರ್ಯಾಲಿ ಟೈರಿಗೆ ಕಲ್ಲಿನಂಗೆ ಗಾಳಿ ತುಂಬಿ ಅದನ್ನೇ ಗದ್ದೆಗೂ ಇಳಿಸ್ತಾರೆ. ಟೈರ್ ಪುಸ್ತಕದಲ್ಲಿ ಬರೆದಷ್ಟಕ್ಕೆ ಇಳಿಸಿ ನೋಡಿ, ಕಾಸು ಖರ್ಚಿಲ್ಲ.

ಲಾಕ್ ಬಗ್ಗೆ ಹುಡುಗರು ಕೇಳದೇ ಇರೋದು ಒಂದೈತೆ, ನನಗೆ ಅದರದ್ದೇ ಹೆದರಿಕೆ. ಟ್ರ್ಯಾಕ್ಟರಿನಲ್ಲೂ ಲಾಕ್ ಪೆಡಲ್ ಐತಲ್ಲ. ಗಾಲಿ ಗಿರಗಿರ ತಿರುಗೋವಾಗ ಅದನ್ನ ಒದೀಬೇಡಿ, ಒಳಗಿನ ಹಲ್ಲು ಕಿತ್ತು ಬರುತ್ತೆ. ಕ್ಲಚ್ ಒತ್ತಿ, ಗಾಲಿ ನಿಂತ ಮೇಲೆ ಹಾಕಿ. ನೆಟ್ಟಗೆ ಹೋಗಿ, ಹೊರಗೆ ಬಂದ ತಕ್ಷಣ ಬಿಡಿ. ಲಾಕ್ ಬಿಡದೇ ಡಾಂಬರಿನಲ್ಲಿ ತಿರುವು ಹೊಡೆದ್ರೆ ಗಾಡಿ ತಿರುಗಲ್ಲ, ಸೀದಾ ಕಾಲುವೆ ಕಡೆ ಹೋಗುತ್ತೆ.

ಇದಕ್ಕಿಂತ ಕೆಟ್ಟದ್ದು ದೊಡ್ಡ ಗಾಲಿಗೆ ಕಟ್ಟಿಗೆ ತುಂಡು ಕಟ್ಟೋದು. ಹೂತ ಟ್ರ್ಯಾಕ್ಟರಿನ ಗಾಲಿಗೆ ಅಡ್ಡ ದಿಮ್ಮಿ ಕಟ್ಟಿ ಮೊದಲ ಗೇರ್ ಹಾಕೋದನ್ನ ಈಗಲೂ ನೋಡ್ತೀನಿ. ದಿಮ್ಮಿ ಮಣ್ಣಿಗೆ ಕಚ್ಚಿ ಗಾಲಿ ತಿರುಗೋಕೆ ಆಗಲ್ಲ. ಎಂಜಿನ್ ಬಲ ಎಲ್ಲಿಗಾದ್ರೂ ಹೋಗಲೇಬೇಕಲ್ಲ? ಗಾಲಿ ನಿಂತು ಗಾಡಿಯೇ ಆಕ್ಸಲ್ ಸುತ್ತ ತಿರುಗುತ್ತೆ. ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತೆ, ಸೀಟಿನಲ್ಲಿ ಇರೋನು ಅಡಿಗೆ. ಕ್ಲಚ್ ಒತ್ತೋಕೂ ಟೈಮ್ ಸಿಗಲ್ಲ. ಡಿಫ್ ಲಾಕ್ ಹಾಕಿ ದಿಮ್ಮಿನೂ ಕಟ್ಟಿದ್ರೆ ಎರಡೂ ಗಾಲಿ ಒಟ್ಟಿಗೆ ಕಚ್ತಾವೆ, ಮಗುಚೋದು ಇನ್ನೂ ಜಲ್ದಿ. ಹೂತಿದ್ರೆ ಟ್ರ್ಯಾಲಿ ಬಿಚ್ಚಿ, ಗಾಲಿ ಮುಂದಿನ ಮಣ್ಣು ಸಲಿಕೆಯಿಂದ ತೆಗೀರಿ, ಇನ್ನೊಂದು ಟ್ರ್ಯಾಕ್ಟರ್ ತಂದು ಬಂದ ಜಾಡಿನಲ್ಲೇ ಹಿಂದಕ್ಕೆ ಎಳೀರಿ. ಸರಪಳಿ ಕೆಳಗಿನ ಕೊಂಡಿಗೇ ಹಾಕಬೇಕು, ಮೇಲಿನ ಟಾಪ್ ಲಿಂಕಿಗೆ ಬೇಡವೇ ಬೇಡ. ಸುತ್ತ ನಿಂತು ವಿಡಿಯೋ ಮಾಡೋರನ್ನ ದೂರ ಕಳಿಸಿ, ಹಗ್ಗ ಹರಿದು ಬಂದ್ರೆ ಅದು ಚಾಟಿ ಅಲ್ಲ, ಕೊಡಲಿ.

ದುಡ್ಡಿನ ಮಾತಿಗೆ ಬರ್ತೀನಿ. ಮಿಲಿಟರಿ ಗಾಡಿಗಳು ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಬರ್ತಾವೆ. ಆ ಹೆಸರು ಸಂಡೂರಿನವರಿಗೆ ಹೊಸದಲ್ಲ, ಅದಿರಿನ ಇ-ಹರಾಜು ಆದದ್ದೂ ಅದರಲ್ಲೇ. ಇದ್ದದ್ದು ಇದ್ದ ಹಂಗೆ ಎತ್ಕೊಂಡು ಹೋಗಬೇಕು, ಆಮೇಲೆ ನಿಮ್ಮ ಹಣೆಬರಹ. ಬಿಡಿಭಾಗ ಎಲ್ಲಿ ಸಿಗುತ್ತೆ, ಆರ್‌ಟಿಓದಲ್ಲಿ ನಿಮ್ಮ ಹೆಸರಿಗೆ ಆಗುತ್ತಾ, ಇದನ್ನ ಕೊಳ್ಳೋಕೆ ಮೊದಲೇ ಕೇಳಬೇಕು. ಹೊಲ ಅಡವಿಟ್ಟು ಗಾಡಿ ಕೊಳ್ಳೋ ಆಸೆ ನಮ್ಮ ಭಾಗಕ್ಕೆ ಒಂದು ಸಲ ಬಂದು ಹೋಗೈತೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿದಾಗ, ಸಾಲದ ಲಾರಿಗಳು ಬೈಪಾಸ್ ಪಕ್ಕ ಹುಲ್ಲು ಬೆಳೆದು ನಿಂತಿದ್ದನ್ನ ಈ ಹುಡುಗರು ಸಣ್ಣವರಿದ್ದಾಗ ನೋಡಿರಬೇಕು.

ನನ್ನ ಕೇಳಿದ್ರೆ ಅದೇ ದುಡ್ಡನ್ನ ದಾರಿಗೆ ಹಾಕಿ. ನಾಲ್ಕೈದು ಮನೆಯವರು ಸೇರಿ ಗದ್ದೆ ಅಂಚಿನವರೆಗೆ ಮೊರಂ ಹಾಕಿಸಿ, ಲಾರಿ ತಿರುಗೋಷ್ಟು ಒಂದು ಗಟ್ಟಿ ಕಟ್ಟೆ ಮಾಡಿ. ನರೇಗಾದಲ್ಲಿ ಹೊಲದ ದಾರಿ ಮಾಡಿಸಿಕೊಂಡ ಊರುಗಳೂ ಅದಾವೆ. ಭತ್ತ ಸಣ್ಣ ಟ್ರ್ಯಾಲಿಯಲ್ಲಿ ಅರ್ಧರ್ಧ ಲೋಡು ಕಟ್ಟೆಗೆ ಬರಲಿ, ಅಲ್ಲಿಂದ ಮಾಮೂಲಿ ಬಾಡಿಗೆ ಲಾರಿ ಸಾಕು. ಎರಡು ಸುತ್ತು ಜಾಸ್ತಿ ಆಗುತ್ತೆ, ಆಗಲಿ.

ನಮ್ಮ ಅಕ್ಕನ ಮಗ ಇನ್ನೂ ಒಪ್ಪಿಲ್ಲ. ಮುಂದಿನ ವಾರ ಹರಾಜಿನ ಗಾಡಿ ನೋಡೋಕೆ ಹೋಗ್ತಾನಂತೆ, ನಾನೂ ಜೊತೆಗೆ ಹೋಗ್ತೀನಿ. ಟಾಟ್ರಾ ಒಂದು ನಿಂತಿದ್ರೆ ಅದರ ಅಡಿಗೆ ಮಲಗಿ ಆ ಕೊಳವೆ ನೋಡಬೇಕು ಅಂತ ಬಾಳ ದಿನದ ಆಸೆ ಐತೆ.