ಹಿತ್ತಲ ಗಿಡ ಮದ್ದಲ್ಲವೆ?

1953ನೆಯ ಇಸವಿ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಹಂಗೇರಿಯ ಕಾಲ್ಚೆಂಡಿನ ತಂಡವು ಇಂಗ್ಲೆಂಡನ್ನು ಆರಕ್ಕೆ ಮೂರು ಗೋಲುಗಳಿಂದ ಸೋಲಿಸಿದ ಸಂಗತಿಯನ್ನು ಕ್ರೀಡಾಪ್ರಿಯರಾದ ವಾಚಕರು ಬಲ್ಲರು. ಯೂರೋಪು ಖಂಡದ ಯಾವ ತಂಡಕ್ಕೂ ತನ್ನ ನೆಲದಲ್ಲಿ ಅದುವರೆಗೆ ಸೋತಿರದ ಇಂಗ್ಲೆಂಡಿಗೆ ಅದು ಮರ್ಮಾಘಾತವಾಯಿತು. ಅದಕ್ಕಿಂತ ಹೆಚ್ಚಿನ ಆಘಾತ ಆಟ ಮುಗಿದ ಮೇಲೆ ಕಾದಿತ್ತು. ನಮಗೆ ಈ ಆಟವನ್ನು ಕಲಿಸಿದವರು ನಿಮ್ಮವರೇ ಆದ ಜಿಮ್ಮಿ ಹೋಗನ್ನರು ಎಂದು ಹಂಗೇರಿಯ ಕ್ರೀಡಾ ಪ್ರಮುಖರು ಬಹಿರಂಗವಾಗಿಯೇ ಸಾರಿದರು. ಎಪ್ಪತ್ತೊಂದು ವರ್ಷದ ಆ ಮುದುಕರು ಅಂದು ಆಸ್ಟನ್ ವಿಲ್ಲಾ ಸಂಘದ ಹುಡುಗರನ್ನು ಕರೆದುಕೊಂಡು ಬಂದು ಪ್ರೇಕ್ಷಕರ ನಡುವೆ ಕುಳಿತಿದ್ದರು.

ಹೋಗನ್ನರು 1882ರಲ್ಲಿ ಲ್ಯಾಂಕಶೈರಿನ ನೆಲ್ಸನ್ ಎಂಬ ಗಿರಣಿ ಊರಿನಲ್ಲಿ ಹುಟ್ಟಿದವರು. ಮಗನು ಪಾದ್ರಿಯಾಗಲೆಂದು ಮನೆಯವರ ಅಪೇಕ್ಷೆ. ಮಗನಿಗೆ ಒಲಿದದ್ದು ಚೆಂಡು. ಬರ್ನ್‌ಲೀ ತಂಡದಲ್ಲಿದ್ದಾಗ ಒಮ್ಮೆ ಅವರು ಹೊಡೆದ ಚೆಂಡು ಗೋಲಿನ ಮೇಲೆ ಹಾರಿಹೋಯಿತು. ನನ್ನ ಕಾಲು ಸರಿಯಾಗಿ ಬೀಳಲಿಲ್ಲವೆ, ಮೈಯ ಸಮತೋಲ ತಪ್ಪಿತೆ ಎಂದು ತಂಡದ ವ್ಯವಸ್ಥಾಪಕರನ್ನು ಕೇಳಿದರಂತೆ. ಹೊಡೆಯುತ್ತಲೇ ಇರು, ಹತ್ತರಲ್ಲಿ ಒಂದು ಒಳಗೆ ಬಿದ್ದರೆ ಸಾಕು, ಎಂಬರ್ಥದ ಉತ್ತರ ಬಂದಿತು. ಹತ್ತರಲ್ಲಿ ಒಂಬತ್ತು ಏಕೆ ತಪ್ಪುತ್ತವೆ ಎಂಬುದನ್ನು ತಿಳಿಯದೆ ಬಿಡಲು ಅವರ ಮನಸ್ಸು ಒಪ್ಪಲಿಲ್ಲ. ಅವರ ಮುಂದಿನ ಜೀವನವೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಡೆಯಿತೆನ್ನಬಹುದು.

ಕೇಳಲು ಸಿದ್ಧರಿದ್ದವರು ಹೊರನಾಡಿನಲ್ಲಿ ಸಿಕ್ಕರು. 1910ರಲ್ಲಿ ಹಾಲೆಂಡಿನ ಡೋರ್ಡ್ರೆಕ್ಟ್, 1912ರಲ್ಲಿ ಹ್ಯೂಗೋ ಮೈಸ್ಲ್ ಎಂಬ ಆಸ್ಟ್ರಿಯದ ಕ್ರೀಡಾ ಧುರೀಣರ ಕರೆಯಂತೆ ವಿಯೆನ್ನಾ. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ಅವರು ಶತ್ರುದೇಶದ ಪ್ರಜೆಯಾಗಿ ಬಂಧನಕ್ಕೊಳಗಾದರು. ಬುಡಾಪೆಸ್ಟಿನ ಎಂ.ಟಿ.ಕೆ. ಸಂಘದವರು ಅವರನ್ನು ತಮ್ಮಲ್ಲಿಗೆ ಕರೆಸಿಕೊಂಡು ಕೆಲಸ ಕೊಟ್ಟರು. ಹಿರಿಯ ಆಟಗಾರರೆಲ್ಲ ರಣರಂಗಕ್ಕೆ ಹೋಗಿದ್ದ ಕಾಲ ಅದು. ಹೋಗನ್ನರು ನಗರದ ಉದ್ಯಾನದಲ್ಲಿ ಚೆಂಡಾಡುತ್ತಿದ್ದ ಹುಡುಗರನ್ನು ಆರಿಸಿ ತಂದು, ಚೆಂಡನ್ನು ನೆಲದ ಮೇಲೆಯೇ ಇಟ್ಟು, ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಮುಂದುವರಿಯುವ ಪಾಠ ಹೇಳಿದರು. ಹಾಗೆ ಸಿಕ್ಕ ಓರ್ಥ್ ಮತ್ತು ಬ್ರೌನ್ ಎಂಬಿಬ್ಬರು ಹಂಗೇರಿಯ ಪ್ರಖ್ಯಾತ ಆಟಗಾರರಾದರು. 1917ರಿಂದ 1925ರವರೆಗೆ ದೇಶದ ಲೀಗ್ ಪ್ರಶಸ್ತಿ ಎಂ.ಟಿ.ಕೆ. ಸಂಘವನ್ನು ಬಿಟ್ಟು ಬೇರೆಯವರ ಕೈಗೆ ಹೋಗಲಿಲ್ಲ.

ಯುದ್ಧ ಮುಗಿದು ಊರಿಗೆ ಮರಳಿದಾಗ ಹೋಗನ್ನರ ಕೈ ಬರಿದಾಗಿತ್ತು. ಯುದ್ಧದಿಂದ ನೊಂದ ಆಟಗಾರರಿಗೆ ಇಂಗ್ಲೆಂಡಿನ ಕಾಲ್ಚೆಂಡು ಮಂಡಲಿಯು ಧನಸಹಾಯ ಮಾಡುತ್ತಿದೆಯೆಂದು ಕೇಳಿ ಅಲ್ಲಿಗೆ ಹೋದರು. ಅವರಿಗೆ ದೊರಕಿದ್ದು ಮೂರು ಜೊತೆ ಖಾಕಿ ಕಾಲುಚೀಲಗಳು! ರಣರಂಗದಲ್ಲಿದ್ದ ನಮ್ಮ ಹುಡುಗರಿಗೆ ಇವೇ ಆನಂದ ತಂದಿದ್ದವು ಎಂಬ ಚುಚ್ಚುಮಾತೂ ಜೊತೆಗೆ ಬಂದಿತೆಂದು ಅವರೇ ಹೇಳಿಕೊಂಡಿದ್ದಾರೆ. ಶತ್ರುವಿನ ನಾಡಿನಲ್ಲಿದ್ದವನೆಂಬ ಕಳಂಕ ಅಂಟಿತ್ತು. ಆ ನಾಡಿನಲ್ಲಿ ಅವರು ಸೆರೆಯಾಳಾಗಿದ್ದರೆಂಬುದನ್ನು ಯಾರೂ ನೆನೆಯಲಿಲ್ಲ.

ಮತ್ತೆ ಸ್ವಿಟ್ಸರ್ಲೆಂಡ್, ಹಂಗೇರಿ, ಜರ್ಮನಿ. ಡ್ರೆಸ್ಡನ್ನಿನಲ್ಲಿ ಅವರ ಬಳಿ ಕಲಿತ ಹೆಲ್ಮುಟ್ ಷೋನ್ ಎಂಬ ತರುಣರು ಮುಂದೆ ಪಶ್ಚಿಮ ಜರ್ಮನಿಯ ತಂಡದ ಗುರುವಾಗಿ 1974ರ ವಿಶ್ವಕಪ್ಪನ್ನು ಗೆದ್ದುಕೊಟ್ಟರು. ಹೋಗನ್ನರು ತೀರಿಕೊಂಡದ್ದು ಅದೇ ವರ್ಷದ ಜನವರಿಯಲ್ಲಿ. ಸ್ವದೇಶದಲ್ಲಿ ಅವರಿಗೆ 1934ರಲ್ಲಿ ಫುಲಂ ಸಂಘದ ಅಧಿಕಾರ ದೊರೆಯಿತಾದರೂ ಒಂದು ಋತು ಮುಗಿಯುವ ಮೊದಲೇ, ಅದೂ ಅವರು ಆಸ್ಪತ್ರೆಯಲ್ಲಿದ್ದಾಗ, ಅವರನ್ನು ತೆಗೆದುಹಾಕಲಾಯಿತು. ಆಡಿ ಪಳಗಿದವರಿಗೆ ಪಾಠವೇಕೆ ಎಂಬುದು ಅಲ್ಲಿನವರ ವಾದವಾಗಿತ್ತು. 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಆಸ್ಟ್ರಿಯಕ್ಕೆ ಬೆಳ್ಳಿಯ ಪದಕ ಬಂದಾಗ ಆ ತಂಡವನ್ನು ತಯಾರು ಮಾಡಿದವರು ಇದೇ ಹೋಗನ್ನರು. ಅದೇ ವರ್ಷ, ಕೆಳಗಿನ ದರ್ಜೆಗೆ ಜಾರಿದ್ದ ಆಸ್ಟನ್ ವಿಲ್ಲಾ ಸಂಘ ಅವರನ್ನು ಕರೆಯಿತು. 1938ರಲ್ಲಿ ತಂಡ ಮೊದಲ ದರ್ಜೆಗೆ ಮರಳಿತು. ಮರುವರ್ಷ ಮತ್ತೊಂದು ಮಹಾಯುದ್ಧ ಬಂದು ಆ ಕೆಲಸವನ್ನೂ ನಿಲ್ಲಿಸಿತು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ನಾಡಿನದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಹೊರನಾಡ ಕನ್ನಡಿಗರಾದ ನಮಗೆ ಇದರ ಅನುಭವ ಹೊಸದಲ್ಲ. ಇಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಇರುಳು ಶಾಲೆಯಲ್ಲಿ ಓದಿ ಮೇಲೆ ಬಂದವನನ್ನು, ಮುಂಬಯಿಯಲ್ಲಿ ಏನು ಮಾಡಿಕೊಂಡಿದ್ದಾನೋ ಎಂದು ಊರಿನವರು ಅನುಮಾನದಿಂದಲೇ ನೋಡುತ್ತಿದ್ದ ಕಾಲವೊಂದಿತ್ತು. ಆದರೆ ಇಂಗ್ಲೆಂಡಿನವರ ಮೇಲೆ ಬೆರಳು ತೋರಿಸುವ ಮುನ್ನ ನಮ್ಮ ಮನೆಯ ಕಡೆಗೂ ಒಮ್ಮೆ ನೋಡುವುದು ಲೇಸು.

ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ ಸಾಹೇಬರು ವೃತ್ತಿಯಿಂದ ಶಾಲಾ ಮಾಸ್ತರರು. ಅವರು ತಿದ್ದಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ನಮ್ಮ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಹೆಲ್ಸಿಂಕಿಯ 1952ರ ಒಲಿಂಪಿಕ್‌ನಲ್ಲಿ ಭಾರತವು ಯುಗೊಸ್ಲಾವಿಯದೆದುರು ಹತ್ತಕ್ಕೆ ಒಂದು ಗೋಲಿನಿಂದ ಸೋತಾಗಲೂ ಗುರುವಾಗಿದ್ದವರು ಅವರೇ. ಆ ಸೋಲಿನಿಂದ ಅವರು ಕಲಿತರು. ಹೋಗನ್ನರ ಬಿತ್ತನೆಯಿಂದ ಬೆಳೆದ ಹಂಗೇರಿಯವರು ಸೆಂಟರ್ ಫಾರ್ವರ್ಡ್ ಆಟಗಾರನನ್ನು ಹಿಂದಕ್ಕೆ ನಿಲ್ಲಿಸಿ ಎದುರಾಳಿಯನ್ನು ದಿಕ್ಕುಗೆಡಿಸುತ್ತಿದ್ದ ವಿಧಾನವನ್ನು ನಮ್ಮ ಹುಡುಗರಿಗೂ ಒಗ್ಗಿಸಿದರು. ಒಂದು ಭಾರೀ ಸೋಲಿಗಾಗಿ ಅವರನ್ನು ಮೂಲೆಗೊತ್ತದೆ ಮತ್ತೆ ಕರೆದದ್ದರ ಫಲ 1956ರಲ್ಲಿ ಮೆಲ್ಬರ್ನಿನಲ್ಲಿ ಕಂಡಿತು. ಬೆಂಗಳೂರಿನ ಕೆಂಪಯ್ಯನವರೂ ಇದ್ದ ಆ ತಂಡ, ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ ನಾಲ್ಕಕ್ಕೆ ಎರಡರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ, ನಮ್ಮನ್ನು ಹೀಯಾಳಿಸುತ್ತಿದ್ದ ಲಕ್ಷ ಜನರೆದುರು ದಕ್ಷಿಣ ಕೊರಿಯವನ್ನು ಸೋಲಿಸಿ ಚಿನ್ನದ ಪದಕ ತಂದಾಗ, ರಹೀಮರನ್ನು ಅರ್ಬುದ ರೋಗ ಒಳಗಿಂದೊಳಗೇ ತಿನ್ನುತ್ತಿತ್ತು. 1963ರ ಜೂನ್‌ನಲ್ಲಿ ಅವರು ತೀರಿಕೊಂಡರು. ಏಷ್ಯನ್ ಕ್ರೀಡೆಗಳ ಕಾಲ್ಚೆಂಡಿನಲ್ಲಿ ಆ ತರುವಾಯ ನಮಗೆ ಚಿನ್ನ ಸಿಕ್ಕಿಲ್ಲ. ರಹೀಮರ ಹೆಸರನ್ನು ಹೊಸ ಪೀಳಿಗೆಗೆ ಪರಿಚಯ ಮಾಡಿಕೊಡಲು 2024ರಲ್ಲಿ ಒಂದು ಹಿಂದಿ ಚಲನಚಿತ್ರ ಬರಬೇಕಾಯಿತು.

ಈಚಿನ ವರ್ಷಗಳಲ್ಲಿ ನಾವು ಹೊರದೇಶದ ಗುರುಗಳನ್ನೇ ನಚ್ಚಿದೆವು. ಹೂಟನ್, ಕಾನ್‌ಸ್ಟಂಟೈನ್, ಸ್ಟಿಮಾಚ್, ಮಾರ್ಕೆಸ್ ಬಂದುಹೋದರು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಬುಡಾಪೆಸ್ಟಿಗೆ ಹೋಗನ್ನರೂ ಪರಕೀಯರೇ ಆಗಿದ್ದರು. ಆದರೆ ಬುಡಾಪೆಸ್ಟಿನವರು ಪರಕೀಯನ ಕೈಗೆ ಉದ್ಯಾನದ ಹುಡುಗರನ್ನು ವರ್ಷಗಟ್ಟಲೆ ಒಪ್ಪಿಸಿದರು. ನಾವು ಒಪ್ಪಿಸುವುದು ಸಂಘಗಳಲ್ಲಿ ಆಗಲೇ ಬೆಳೆದು ಬಲಿತ ಆಟಗಾರರನ್ನು, ಅದೂ ಪಂದ್ಯದ ಮುನ್ನ ಕೆಲವೇ ದಿನಗಳ ಮಟ್ಟಿಗೆ. ಅಷ್ಟರಲ್ಲಿ ಹೋಗನ್ನರಂಥವರು ಬಂದರೂ ಏನು ಮಾಡಿಯಾರು?

ಹದಿಮೂರು ವರ್ಷಗಳ ತರುವಾಯ, 2025ರ ಆಗಸ್ಟ್‌ನಲ್ಲಿ, ಭಾರತೀಯರೊಬ್ಬರಿಗೆ ಈ ಪದವಿ ಸಂದಿತು. ಖಾಲಿದ್ ಜಮೀಲರು ಮುಂಬಯಿಯ ಮೈದಾನಗಳಿಗೆ ಚಿರಪರಿಚಿತರು. 2017ರಲ್ಲಿ ಐಜಾಲ್ ಎಂಬ ಸಣ್ಣ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟವರು. ಅಕ್ಟೋಬರ್‌ನಲ್ಲಿ ಗೋವೆಯಲ್ಲಿ ಸಿಂಗಪುರದೆದುರು ಸೋತು ಏಷ್ಯನ್ ಕಪ್ಪಿನ ಅರ್ಹತೆ ತಪ್ಪಿದಾಗ ಅವರು ಅಧಿಕಾರ ವಹಿಸಿ ಮೂರು ತಿಂಗಳು ತುಂಬಿರಲಿಲ್ಲ. ಹತ್ತು ಗೋಲು ತಿಂದ ಮಾಸ್ತರರನ್ನು ಮತ್ತೆ ಕರೆದ ದೇಶವಿದು. ಕಾಲ್ಚೆಂಡಿನ ಅಧಿಕಾರಿಗಳು ಆ ದಿನಗಳ ಕಡತವನ್ನು ತೆಗೆದು ಒಮ್ಮೆ ಓದಬೇಕೆಂದೂ, ದೇಶದ ತಂಡದ ಗುರುವಿಗೆ ಸಲ್ಲುವ ಸಂಬಳದ ಒಂದಂಶವನ್ನಾದರೂ ಶಾಲೆಯ ಅಂಗಳದಲ್ಲಿ ಹತ್ತು ವರ್ಷದ ಹುಡುಗರಿಗೆ ಚೆಂಡು ತಟ್ಟುವುದನ್ನು ಕಲಿಸುವ ಮಾಸ್ತರರಿಗೆ ತಲುಪಿಸಬೇಕೆಂದೂ ನಾವು ಒತ್ತಾಯಪಡಿಸುತ್ತೇವೆ.