ತರಗತಿಯಲ್ಲಿ ಮಗುವಿನ ಮಾತು

ಪ್ರತಿವರ್ಷವೂ ಪದವಿ ತರಗತಿಯ ಮೊದಲ ವಾರದಲ್ಲಿ ನಾನು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ ಕೊಡುವುದುಂಟು: ‘ನಿಮ್ಮೂರ ಜಾತ್ರೆಯನ್ನು ಕುರಿತು ಒಂದು ಪುಟ ಬರೆಯಿರಿ.’ ಈ ಸಲ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, ಬಹು ವಿನಯದಿಂದ, ‘ನೋಟ್ಸ್ ಕೊಡ್ತೀರಾ ಸಾರ್?’ ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗೆ ಉಳಿಯಲಿಲ್ಲ. ಗೆಳೆಯರ ನಡುವೆ ಅದೇ ಜಾತ್ರೆಯ ತೇರು, ಬತ್ತಾಸು, ಜಗಳಗಳನ್ನು ರಸವತ್ತಾಗಿ ಬಣ್ಣಿಸಬಲ್ಲ ಹುಡುಗ ಅವನು. ಆ ಮಾತು ತರಗತಿಯ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ. ಶಾಲೆಯೊಳಗೆ ತನ್ನ ಮಾತಿಗೆ ಎಡೆಯಿಲ್ಲವೆಂಬ ಪಾಠವನ್ನು ಅವನು ಹನ್ನೆರಡು ವರ್ಷಗಳ ಹಿಂದೆಯೇ ಕಲಿತಿರಬೇಕು.

ಎಳೆಯರಿಗೆ ಭಾಷೆಯನ್ನು ಆಟಪಾಟಗಳಿಂದ ಕಲಿಸಬೇಕೆಂಬ ವಿಚಾರ ನಮಗೆ ಹೊಸದಲ್ಲ. ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗೆಂದೇ ಕಥೆ, ಪದ್ಯಗಳನ್ನು ರಚಿಸಿದರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಉಪಾಧ್ಯಾಯರು ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದು, ತಾವೇ ಕಾರ್ಡುಗಳನ್ನು ಬರೆದು ‘ನಲಿ–ಕಲಿ’ಯನ್ನು ರೂಪಿಸಿದ್ದು 1995ರಲ್ಲಿ. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿತು. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂರುವುದು, ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಏಣಿ ಹತ್ತುವುದು, ಕೈಗೆಟಕುವ ಗೋಡೆಹಲಗೆಯ ಮೇಲೆ ಬರೆಯುವುದು ಇವೆಲ್ಲ ಅದರ ಬಾಹ್ಯ ಲಕ್ಷಣಗಳು.

ಅದರ ಒಳಗುಟ್ಟು ಅಕ್ಷರಗಳ ಕ್ರಮದಲ್ಲಿ ಕಾಣುತ್ತದೆ. ಅಲ್ಲಿ ಕಲಿಕೆ ವರ್ಣಮಾಲೆಯ ಸಾಲು ಹಿಡಿದು ಹೊರಡುವುದಿಲ್ಲ; ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಹೊರಡುತ್ತದೆ. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂಬ ಪದಗಳಾಗುತ್ತವೆ. ಕಾಗುಣಿತದ ಒಂದು ಗುರುತೂ ಬೇಕಿಲ್ಲ. ಅಕ್ಷರಮಾಲೆಯನ್ನು ತಿಂಗಳುಗಟ್ಟಲೆ ಒಪ್ಪಿಸಿದ ಮಗುವಿಗೆ ದೊರೆಯದ ಸುಖ, ತಾನೇ ಒಂದು ಪದವನ್ನು ಕಟ್ಟಿದೆನೆಂಬ ಸುಖ, ಇಲ್ಲಿ ಆರಂಭದಲ್ಲಿಯೇ ಲಭಿಸುತ್ತದೆ.

ಕಳೆದ ವರ್ಷ ಒಂದು ಹಳ್ಳಿಯ ಶಾಲೆಯಲ್ಲಿ ಅರ್ಧ ದಿನ ಕುಳಿತಿದ್ದೆ. ಅಂದು ‘ಸಂತೆ’ ಆಟ. ಕಲ್ಲುಹರಳುಗಳೇ ನಾಣ್ಯ, ಎಲೆಗಳೇ ಸೊಪ್ಪು. ಮೂಲೆಯಲ್ಲಿ ಮೌನವಾಗಿದ್ದ ಹುಡುಗಿಯೊಬ್ಬಳ ಮನೆಮಾತು ಲಂಬಾಣಿ. ಮೇಡಂ ಅವಳನ್ನೇ ಅಂಗಡಿಯಲ್ಲಿ ಕೂರಿಸಿದರು. ಕೊಳ್ಳಲು ಬಂದವನು ಚೌಕಾಸಿಗೆ ನಿಂತ. ಅವಳು ಸ್ವಲ್ಪ ಹೊತ್ತು ತಡವರಿಸಿ, ‘ಆಗಲ್ಲ. ಮಳೆ ಬಂತು. ಟೊಮೇಟೊ ಎಲ್ಲ ಕೊಳೀತು. ಅದಕ್ಕೆ ಜಾಸ್ತಿ’ ಎಂದಳು. ಈ ಮಾತು ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ಅಗತ್ಯ ಬಿದ್ದಿತು, ಕೇಳುವವನೊಬ್ಬ ಎದುರಿಗಿದ್ದ, ಮಾತು ಹುಟ್ಟಿತು. ಅದರ ವ್ಯಾಕರಣವನ್ನು ಮೇಡಂ ಆ ಕ್ಷಣ ತಿದ್ದಲು ಹೋಗಲಿಲ್ಲ. ಅದು ಅವರ ವಿವೇಕ.

ಇನ್ನೊಂದೆಡೆ ಬೇರೊಂದು ದೃಶ್ಯವನ್ನೂ ಕಂಡಿದ್ದೇನೆ. ಮಕ್ಕಳು ಅಭಿನಯಿಸುತ್ತ ಹಕ್ಕಿಯ ಹಾಡೊಂದನ್ನು ಹಾಡಿದರು. ಅಷ್ಟೂ ಕೈಗಳು ಒಮ್ಮೆಗೇ ಏಳುತ್ತಿದ್ದವು, ಒಮ್ಮೆಗೇ ಇಳಿಯುತ್ತಿದ್ದವು. ಕೊನೆಗೆ, ‘ಆ ಹಕ್ಕಿಗೆ ಏನಾಯಿತಪ್ಪಾ?’ ಎಂದು ಕೇಳಿದೆ. ಉತ್ತರವಾಗಿ ಅದೇ ಸಾಲನ್ನು ಮತ್ತೆ ರಾಗವಾಗಿ ಒಪ್ಪಿಸಿದರು. ಮಗ್ಗಿಯಂತೆ ಹಾಡೂ ಉರು ಹೊಡೆದದ್ದಾಗಿತ್ತು. ಹಳೆಯ ಕಂಠಪಾಠವೇ ಬಣ್ಣದ ಅಂಗಿ ತೊಟ್ಟು ಬಂದಿತ್ತು!

ಆದ್ದರಿಂದ ಚಟುವಟಿಕೆಗೆ ನಾನು ಹಚ್ಚುವ ಒರೆಗಲ್ಲು ಒಂದೇ: ಈ ಆಟದಲ್ಲಿ ಪ್ರತಿಯೊಂದು ಮಗುವೂ ತನ್ನದೇ ಆದ ಒಂದು ವಾಕ್ಯವನ್ನಾದರೂ ಆಡಿತೆ? ಒಗಟನ್ನು ಬಿಡಿಸಿದರೆ ಸಾಲದು, ತಾನೂ ಒಂದನ್ನು ಕಟ್ಟಬೇಕು. ಅರ್ಧಕ್ಕೆ ನಿಲ್ಲಿಸಿದ ಕಥೆಯನ್ನು ಮಗು ತನ್ನ ದಾರಿಯಲ್ಲಿ ಮುಂದಕ್ಕೆ ಒಯ್ಯಬೇಕು. ಇದರಿಂದ ತರಗತಿಯಲ್ಲಿ ಗದ್ದಲವಾದೀತು. ಆಗಲಿ. ಶಿಸ್ತಿನ ಹೆಸರಿನಲ್ಲಿ ನಾವು ಕಾಪಾಡಿದ ಮೌನದ ಬೆಲೆಯನ್ನು ಕಾಲೇಜಿನಲ್ಲಿ ನಾನು ದಿನವೂ ಕಾಣುತ್ತಿದ್ದೇನೆ. ಹೀಗೆಂದ ಮಾತ್ರಕ್ಕೆ ಕಂಠಪಾಠ, ಕಾಪಿ ಬರವಣಿಗೆಗಳನ್ನು ತಳ್ಳಿಹಾಕಬೇಕಿಲ್ಲ. ನಾಲಗೆಗೂ ಕೈಗೂ ಸಾಧಕ ಬೇಕೇ ಬೇಕು. ಆದರೆ ಸಾಧಕವೇ ಸಂಗೀತವಲ್ಲ. ಮೂರು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಒಬ್ಬರೇ ನೋಡಿಕೊಳ್ಳುವ ಉಪಾಧ್ಯಾಯರಿಗೆ ಪ್ರಗತಿಪಟ್ಟಿ ತುಂಬುವುದರಲ್ಲಿಯೇ ಹೊತ್ತು ಕಳೆದರೆ, ಮಗುವಿನ ಮಾತಿಗೆ ಕಿವಿಗೊಡಲು ಬಿಡುವೆಲ್ಲಿಯದು? ಕಾರ್ಡುಗಳನ್ನು ಅಚ್ಚು ಹಾಕಿಸುವುದು ಸುಲಭ. ಕಿವಿಗೊಡಲು ಬಿಡುವು ಮಾಡಿಕೊಡುವುದು ಕಷ್ಟ. ಸರ್ಕಾರ ಮಾಡಬೇಕಾದ ಕೆಲಸ ಅದು.

ನಮ್ಮ ಜಾತ್ರೆಯ ಹುಡುಗನಿಗೆ ನಾನು ನೋಟ್ಸ್ ಕೊಡಲಿಲ್ಲ. ಎದುರಿಗೆ ಕೂರಿಸಿಕೊಂಡು, ‘ನನಗೆ ಹೇಳು’ ಎಂದೆ. ಹೇಳಿದ. ‘ಈಗ ಹೇಳಿದ್ದನ್ನೇ ಬರೆ’ ಎಂದೆ. ಬರೆದ. ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು. ಆದರೆ ತೇರು ಕಣ್ಣೆದುರಿಗೆ ಹೊರಟಿತ್ತು. ಆರನೆಯ ವಯಸ್ಸಿನಲ್ಲಿ ಆಗಬಹುದಾಗಿದ್ದ ಕೆಲಸ ಹದಿನೆಂಟಕ್ಕೆ ಆಯಿತು. ಅಷ್ಟು ಕಾಲ ಕಾಯುವ ತಾಳ್ಮೆ ಎಲ್ಲ ಮಕ್ಕಳಿಗೂ ಇರುತ್ತದೆಯೆ?