ಕೇಬಲ್ ಹಾಕಿದವನಿಗೆ ದಂಡ, ಕೋರ್ ಸ್ವಿಚ್‌ಗೆ?

ಹೋದ ಸೆಮಿಸ್ಟರ್‌ನ ಆ ಮಂಗಳವಾರವನ್ನು ನಾವು ಯಾರೂ ಮರೆತಿಲ್ಲ. ಮಧ್ಯಾಹ್ನ ಎರಡೂವರೆಗೆ ಪ್ಲೇಸ್‌ಮೆಂಟ್ ಆನ್‌ಲೈನ್ ಟೆಸ್ಟ್ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಲ್ಯಾಬ್‌ನ ಅಷ್ಟೂ ಸ್ಕ್ರೀನ್ ನಿಂತುಹೋದವು. ಲೈಬ್ರರಿಯಲ್ಲಿ ನೆಟ್ ಇಲ್ಲ, ಆಫೀಸಿನಲ್ಲಿ ಇಲ್ಲ, ಹಾಸ್ಟೆಲ್‌ನಲ್ಲಂತೂ ಕೇಳಲೇಬೇಡಿ. ಸಂಜೆ ಹೊತ್ತಿಗೆ ಕಾರಣ ಸಿಕ್ಕಿತು. ಹಾಸ್ಟೆಲ್‌ನ ಒಬ್ಬ ಫಸ್ಟ್ ಇಯರ್ ಹುಡುಗ ಐದು ಪೋರ್ಟಿನ ಸಣ್ಣ ಸ್ವಿಚ್ ತಂದು, ಗೋಡೆಯ ಎರಡೂ ಪೋರ್ಟಿನಿಂದ ಅದಕ್ಕೆ ಒಂದೊಂದು ಕೇಬಲ್ ಎಳೆದಿದ್ದ. ಹಾಗೆ ಮಾಡಿದ್ರೆ ಸ್ಪೀಡ್ ಡಬಲ್ ಆಗುತ್ತೆ ಅಂತ ಯಾರೋ ಸೀನಿಯರ್ ಹೇಳಿದ್ದರಂತೆ. ಹುಡುಗನಿಗೆ ದಂಡ ಬಿತ್ತು. ಆ ಸೀನಿಯರ್ ಯಾರು ಅಂತ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ನಮ್ಮ ತಕರಾರು ಇರೋದು ಆ ದಂಡದ ಬಗ್ಗೆ. ತಪ್ಪು ಅವನದ್ದೇ, ಒಪ್ಪುತ್ತೇವೆ. ಆದರೆ ಹಾಸ್ಟೆಲ್ ರೂಮಿನ ಒಂದು ಕೇಬಲ್ ಇಡೀ ಕ್ಯಾಂಪಸ್ಸನ್ನು ಮಲಗಿಸಿದ್ದು ಹೇಗೆ?

ಎಆರ್‌ಪಿ, ಡಿಎಚ್‌ಸಿಪಿ ಕೇಳಿಕೆಗಳೆಲ್ಲ ಬ್ರಾಡ್‌ಕಾಸ್ಟ್. ಅಂಥ ಫ್ರೇಮ್ ಬಂದರೆ ಸ್ವಿಚ್ ಅದನ್ನು ಬಂದ ಪೋರ್ಟ್ ಬಿಟ್ಟು ಉಳಿದೆಲ್ಲ ಪೋರ್ಟಿಗೂ ಕಳಿಸುತ್ತೆ. ದಾರಿ ಸುತ್ತುಹಾಕಿಕೊಂಡಿದ್ದರೆ ಅದೇ ಫ್ರೇಮ್ ಮತ್ತೆ ಬರುತ್ತೆ, ಮತ್ತೆ ಎಲ್ಲ ಕಡೆ ಹೋಗುತ್ತೆ. ಐಪಿ ಪ್ಯಾಕೆಟ್‌ಗಾದರೆ ಟಿಟಿಎಲ್ ಇದೆ, ಪ್ರತಿ ರೂಟರ್ ಒಂದೊಂದು ಕಳೆದು ಕೊನೆಗೆ ಅದು ಸಾಯುತ್ತೆ. ಈಥರ್ನೆಟ್ ಫ್ರೇಮ್‌ಗೆ ಆ ಭಾಗ್ಯ ಇಲ್ಲ. ಯಾರಾದರೂ ಕೇಬಲ್ ಕೀಳೋ ತನಕ ಸುತ್ತುತ್ತಲೇ ಇರುತ್ತೆ. ಇದನ್ನು ತಡೆಯೋಕೇ ಸ್ಪ್ಯಾನಿಂಗ್ ಟ್ರೀ ಇರೋದು. ನಮ್ಮ ಹಾಸ್ಟೆಲ್ ಸ್ವಿಚ್‌ಗಳಲ್ಲಿ ಅದು ಆಫ್ ಆಗಿತ್ತು. ಸಾಲದ್ದಕ್ಕೆ ಇಡೀ ಕ್ಯಾಂಪಸ್‌ಗೆ ಒಂದೇ ವಿಲ್ಯಾನ್. ಹಾಸ್ಟೆಲ್‌ನ ಬಿರುಗಾಳಿ ಕೋರ್ ಸ್ವಿಚ್ ಮೂಲಕ ನೇರವಾಗಿ ಲ್ಯಾಬ್‌ಗೆ ನುಗ್ಗಿತು.

ಅಕ್ಸೆಸ್, ಡಿಸ್ಟ್ರಿಬ್ಯೂಶನ್, ಕೋರ್ ಅಂತ ಮೂರು ಡಬ್ಬ ಬರೆದು ಗೆರೆ ಎಳೆದರೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಸಿಗುತ್ತೆ. ಯಾಕೆ ಮೂರು ಅಂತ ಯಾರೂ ಕೇಳಲ್ಲ. ಒಂದು ಬ್ಲಾಕಿನ ಎಡವಟ್ಟು ಆ ಬ್ಲಾಕಿನಲ್ಲೇ ಉಳಿಯಲಿ ಅನ್ನೋದು ಅದರಲ್ಲಿ ದೊಡ್ಡ ಕಾರಣ. ಬ್ಲಾಕಿನ ಬ್ರಾಡ್‌ಕಾಸ್ಟ್ ಡಿಸ್ಟ್ರಿಬ್ಯೂಶನ್ ಹಂತದಲ್ಲಿ ನಿಲ್ಲಬೇಕು, ಅದರಾಚೆ ರೂಟಿಂಗ್ ಮಾತ್ರ. ಫಿಲ್ಟರ್, ಪಾಲಿಸಿ ಎಲ್ಲ ಅಲ್ಲೇ. ಕೋರ್‌ಗೆ ಒಂದೇ ಕೆಲಸ: ಬಂದದ್ದನ್ನು ಬೇಗ ದಾಟಿಸೋದು. ನಮ್ಮಲ್ಲಿ ಉಲ್ಟಾ. ಗೇಟ್‌ವೇ, ಡಿಎಚ್‌ಸಿಪಿ, ಫಿಲ್ಟರ್ ರೂಲ್‌ಗಳು ಎಲ್ಲ ಒಂದೇ ಪೆಟ್ಟಿಗೆಯ ತಲೆ ಮೇಲೆ, ಆ ಪೆಟ್ಟಿಗೆಗೆ ಜೊತೆಯೂ ಇಲ್ಲ. ಸಣ್ಣ ಕ್ಯಾಂಪಸ್ಸಿನಲ್ಲಿ ಕೋರ್ ಮತ್ತು ಡಿಸ್ಟ್ರಿಬ್ಯೂಶನ್ ಸೇರಿಸೋದು ತಪ್ಪಲ್ಲ, ಕೊಲ್ಯಾಪ್ಸ್ಡ್ ಕೋರ್ ಅಂತ ಅದಕ್ಕೆ ಹೆಸರೇ ಇದೆ. ಸೇರಿಸಿದ ಮೇಲೆ ಎರಡು ಇಡಬೇಕಷ್ಟೆ.

ಇದು ಬರೀ ಕಾಲೇಜಿನ ಗೋಳು ಅಂದ್ಕೋಬೇಡಿ. 2002ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಹೀಗೇ ಕುಸಿಯಿತು. ಒಬ್ಬ ಸಂಶೋಧಕರು ಭಾರೀ ಪ್ರಮಾಣದ ಡೇಟಾ ಸಾಗಿಸಿದ್ದು ನೆಪ. ತುಂಡು ತುಂಡಾಗಿ ಬೆಳೆದ ಆ ನೆಟ್‌ವರ್ಕ್, ಸ್ಪ್ಯಾನಿಂಗ್ ಟ್ರೀ ತಾಳಿಕೊಳ್ಳುವ 7 ಹಾಪ್‌ಗಳ ಮಿತಿಯನ್ನು ಮೊದಲೇ ದಾಟಿತ್ತು. ಸುಮಾರು ನಾಲ್ಕು ದಿನ ಡಾಕ್ಟರು, ನರ್ಸುಗಳು ಕಾಗದ, ಪೆನ್ನು ಹಿಡಿದು ಕೆಲಸ ಮಾಡಿದರು. ಅಲ್ಲಿನ ಐಟಿ ಮುಖ್ಯಸ್ಥ ಜಾನ್ ಹಲಾಮ್ಕಾ ಅದನ್ನು ಮುಚ್ಚಿಡದೆ ಊರಿಗೆಲ್ಲ ಹೇಳಿದರು, ನೆಟ್‌ವರ್ಕನ್ನು ಹೊಸದಾಗಿ ಕಟ್ಟಿಸಿದರು.

ನಮ್ಮಲ್ಲಿ ಈಗ ಹೊಸ ವೈಫೈ ಆಕ್ಸೆಸ್ ಪಾಯಿಂಟ್‌ಗಳು ಬರ್ತಾ ಇವೆ. ಸಂತೋಷ. ಆದರೆ ಲೆಕ್ಕ ನೋಡಿ: 1 ಗಿಗಾಬಿಟ್‌ನ 48 ಪೋರ್ಟ್ ಇರೋ ಹಾಸ್ಟೆಲ್ ಸ್ವಿಚ್‌ನಿಂದ ಕೋರ್‌ಗೆ ಹೋಗೋದು ಒಂದೇ 1 ಗಿಗಾಬಿಟ್ ಲಿಂಕ್. 48 ಜನ ಒಂದೇ ಬಾಗಿಲಲ್ಲಿ ನಿಂತ ಹಾಗೆ. ತಲಾ 10 ಗಿಗಾಬಿಟ್‌ನ ಎರಡು ಲಿಂಕ್, ಎರಡು ಕೋರ್‌ಗೆ ಒಂದೊಂದು, ಕೊಟ್ಟರೆ ಅದು 2.4ಕ್ಕೆ ಇಳಿಯುತ್ತೆ, ಒಂದು ಕೋರ್ ಸತ್ತರೂ ಟೆಸ್ಟ್ ನಡೆಯುತ್ತೆ. ಮೊದಲು ಕೊಳ್ಳಬೇಕಾದ್ದು ಎರಡನೇ ಕೋರ್ ಅನ್ನೋದು ನಮ್ಮ ವಾದ. ದುಡ್ಡಿಲ್ಲ ಅಂತೀರಾ? ಸ್ಪ್ಯಾನಿಂಗ್ ಟ್ರೀ ಆನ್ ಮಾಡೋಕೆ, ರೂಮಿನ ಪೋರ್ಟ್‌ಗಳಿಗೆ ಬಿಪಿಡಿಯು ಗಾರ್ಡ್ ಹಾಕೋಕೆ, ಬ್ಲಾಕಿಗೊಂದು ವಿಲ್ಯಾನ್ ಮಾಡೋಕೆ ದುಡ್ಡು ಬೇಡ. ರಜೆಯಲ್ಲಿ ಎರಡು ದಿನ ಸಾಕು. ಕೇಬಲ್‌ಗೆ ಲೇಬಲ್ ಅಂಟಿಸೋಕೆ ನಾವೂ ಬರ್ತೀವಿ, ಆ ನೆಪದಲ್ಲಾದರೂ ನಾಲ್ಕು ವರ್ಷದಲ್ಲಿ ಒಮ್ಮೆ ಕೋರ್ ಸ್ವಿಚ್‌ನ ಮುಖ ನೋಡಿದ ಹಾಗೆ ಆಗುತ್ತೆ.

ಇದನ್ನೆಲ್ಲ ನೆಟ್‌ವರ್ಕ್ ರೂಮಿನ ಸರ್ ಒಬ್ಬರ ಹತ್ತಿರ ಹೇಳಿದೆವು. ಅವರು ನಕ್ಕು, "ಎರಡನೇ ಕೋರ್‌ಗೆ ಮೂರು ವರ್ಷದಿಂದ ಫೈಲ್ ಓಡಾಡ್ತಾನೇ ಇದೆ ಕಣ್ರಪ್ಪ" ಅಂದರು. ಹುಡುಗನ ದಂಡದ ಫೈಲ್ ಒಂದೇ ವಾರದಲ್ಲಿ ಸಹಿ ಆಗಿತ್ತು.